ಇಲಿಯಕ್ಕನ ಈರುಳ್ಳಿ ಕಷಾಯ

ಇಲಿಯಕ್ಕ ಎಂದು ಕರೆದರೆ ಅವಳಿಗೆ ಸಿಟ್ಟು ಬರುತ್ತಿರಲಿಲ್ಲ. ಇಲಿಗಳನ್ನು ಕಂಡು ಯಾರಾದರೂ ಛೀ ಎಂದರೆ ಮಾತ್ರ ಬರುತ್ತಿತ್ತು. ಸಂಶೋಧನಾಲಯದ ನೆಲಮಾಳಿಗೆಯಲ್ಲಿ ಇಪ್ಪತ್ತೆರಡು ವರ್ಷ ಬಿಳಿ ಇಲಿಗಳನ್ನು ಸಾಕಿದವಳು ಅವಳು. ಪೆಟ್ಟಿಗೆಯ ಮರದ ಹೊಟ್ಟು ಬದಲಾಯಿಸಿ, ನೀರಿನ ಬಾಟಲಿ ತೊಳೆದು, ಬಾಲ ಹಿಡಿದು ತಕ್ಕಡಿಗೆ ಹಾಕಿ, ಹುಟ್ಟಿದ್ದನ್ನು ಎಣಿಸಿ, ಸತ್ತದ್ದನ್ನು ಎತ್ತಿಟ್ಟು ಅಷ್ಟೂ ವರ್ಷ ಕಳೆದವಳು. ಹೊಸದಾಗಿ ಬಂದ ವಿದ್ಯಾರ್ಥಿಗಳು ಕೈಗವಸು ಹಾಕಿಕೊಂಡೂ ಇಲಿ ಮುಟ್ಟಲು ಹಿಂದೆಮುಂದೆ ನೋಡಿದರೆ, "ಕಚ್ಚಲ್ಲ ಕಣ್ರೀ, ಅದಕ್ಕೂ ರುಚಿ ಅನ್ನೋದು ಇರುತ್ತೆ" ಎನ್ನುತ್ತಿದ್ದಳು.

ಅವಳ ಹೆಮ್ಮೆಯೆಲ್ಲ ಅವಳ ಕಣ್ಣಿನಲ್ಲಿತ್ತು. ನಾಳೆ ಯಾವ ಇಲಿ ಹುಷಾರು ತಪ್ಪುತ್ತದೆ ಎಂಬುದು ಅವಳಿಗೆ ಇವತ್ತೇ ಗೊತ್ತಾಗುತ್ತಿತ್ತು. ರೋಮ ಕೊಂಚ ನಿಮಿರಿರುತ್ತದೆ, ಬೆನ್ನು ಗೂನಾಗಿರುತ್ತದೆ, ತಿಂಡಿಯ ಹತ್ತಿರ ಹೋಗಿ ಮೂಸಿ ಸುಮ್ಮನೆ ವಾಪಸು ಬರುತ್ತದೆ. ಪ್ರೊಫೆಸರು ದಿನಾ ಬೆಳಿಗ್ಗೆ ಒಂಬತ್ತಕ್ಕೆ ಮೆಟ್ಟಿಲಿಳಿದು ಬಂದು ಬಾಗಿಲಲ್ಲೇ ನಿಂತು, "ಏನಕ್ಕಾ, ಹೇಗಿದ್ದಾರೆ ನಿಮ್ಮ ಮಕ್ಕಳು?" ಎಂದು ಕೇಳುತ್ತಿದ್ದರು. "ಮೂರನೇ ಸಾಲಿನ ಕೊನೇದು ಮುಖ ಸಪ್ಪಗೆ ಮಾಡ್ಕೊಂಡಿದೆ ಸಾರ್" ಎಂದು ಇವಳು ಹೇಳಿದರೆ ಮಾರನೆಯ ದಿನದೊಳಗೆ ಅದು ನಿಜವಾಗುತ್ತಿತ್ತು. "ಮೇಲಿರೋ ಯಂತ್ರಗಳಿಗಿಂತ ನಿಮ್ಮ ಕಣ್ಣೇ ವಾಸಿ" ಎಂದು ಅವರು ಒಮ್ಮೆ ಹೊರಗಿನವರ ಎದುರಿಗೇ ಹೇಳಿದ್ದರು. ಆ ಮಾತನ್ನು ಇಲಿಯಕ್ಕ ಮನೆಯಲ್ಲಿ ತಂಗಿಗೆ ಹೇಳಿದಳು, ಕೆಳಗಿನ ಬೇಕರಿಯವನಿಗೆ ಹೇಳಿದಳು, ಹಲ್ಲಿನ ಡಾಕ್ಟರಿಗೂ ಹೇಳಿದಳು, ಅದೂ ಬಾಯಿ ಅಗಲಿಸಿಕೊಂಡಿದ್ದಾಗಲೇ.

ಇನ್ನೊಂದು ಗುಣವೂ ಅವಳಿಗಿತ್ತು. ಅದನ್ನು ಗುಣವೆನ್ನಬೇಕೋ ಕಾಯಿಲೆಯೆನ್ನಬೇಕೋ ನೀವೇ ಹೇಳಿ. ಪ್ರಯೋಗವೆಂದರೆ ಅರ್ಧ ಇಲಿಗಳಿಗೆ ಔಷಧಿ ಸೇರಿಸಿದ ತಿಂಡಿ, ಇನ್ನರ್ಧಕ್ಕೆ ಬರೀ ತಿಂಡಿ. ಎಲ್ಲಕ್ಕೂ ಬಾಲದ ರಕ್ತನಾಳದಲ್ಲಿ ಕ್ಯಾನ್ಸರಿನ ಕಣ ಚುಚ್ಚಿರುತ್ತಾರೆ. ಯಾವುದರಲ್ಲಿ ಹೆಚ್ಚು ಹರಡಿತು, ಯಾವುದರಲ್ಲಿ ಕಡಿಮೆ ಎಂದು ಕೊನೆಗೆ ನೋಡುತ್ತಾರೆ. ಬರೀ ತಿಂಡಿಯ ಇಲಿಗಳನ್ನು ಕಂಡರೆ ಇಲಿಯಕ್ಕನ ಕರುಳು ಚುರುಕ್ಕೆನ್ನುತ್ತಿತ್ತು. ಎರಡು ವರ್ಷದ ಹಿಂದೆ ದ್ರಾಕ್ಷಿ ಸಿಪ್ಪೆಯ ಸಾರದ ಪ್ರಯೋಗ ನಡೆದಾಗ, ನೇರಳೆ ಬಣ್ಣದ ಔಷಧಿ ತಿಂಡಿಯಲ್ಲಿ ದಿನಕ್ಕೊಂದು ಚಿಟಿಕೆ ತೆಗೆದು ಆ ಬಡಪಾಯಿಗಳ ಪೆಟ್ಟಿಗೆಗೂ ಉದುರಿಸಿದ್ದಳು. ಯಾರಿಗೂ ಹೇಳಿರಲಿಲ್ಲ. ಆ ಪ್ರಯೋಗದಿಂದ ಏನೂ ತಿಳಿಯಲಿಲ್ಲವಂತೆ ಎಂಬ ಸುದ್ದಿ ಮೇಲಿನಿಂದ ಬಂತು. ಅಯ್ಯೋ ಪಾಪ, ಪ್ರೊಫೆಸರು ಎಷ್ಟು ಕಷ್ಟಪಟ್ಟಿದ್ದರು ಎಂದು ಇವಳೂ ಮರುಗಿದಳು. ತನ್ನ ಚಿಟಿಕೆಗೂ ಅದಕ್ಕೂ ಸಂಬಂಧವಿದ್ದೀತೆಂದು ಅವಳ ತಲೆಗೆ ಹೊಳೆಯಲೇ ಇಲ್ಲ.

ಮನೆಯಲ್ಲಿ ಇದ್ದವರು ಇಬ್ಬರೇ, ಅವಳು ಮತ್ತು ಅವಳ ತಂಗಿ ಪುಟ್ಟಿ. ಪುಟ್ಟಿ ಎಂದರೆ ನಲವತ್ತಾರು ವರ್ಷದ ಪುಟ್ಟಿ. ತಾಯಿ ತೀರಿಕೊಂಡಾಗ ಅಕ್ಕನಿಗೆ ಹದಿನೇಳು, ತಂಗಿಗೆ ಒಂಬತ್ತು. ಅಂದಿನಿಂದ ಅಕ್ಕನೇ ಅಮ್ಮ. ಇಬ್ಬರೂ ಮದುವೆಯ ಗೊಡವೆಗೆ ಹೋಗದೆ ಬೇಕರಿಯ ಮೇಲಿನ ಎರಡು ಕೋಣೆಗಳಲ್ಲಿ ಜಗಳವಾಡಿಕೊಂಡು, ನಗಾಡಿಕೊಂಡು ಇದ್ದರು. ಬೀದಿ ಕಡೆಯ ಕಿಟಕಿಯ ಬಳಿ ಪುಟ್ಟಿಯ ಹೊಲಿಗೆ ಯಂತ್ರ. ಕೋಟಿನ ಗುಂಡಿ ತೂತುಗಳನ್ನು ಅವಳು ಕೈಯಲ್ಲೇ ಹೊಲಿಯುತ್ತಿದ್ದಳು, ಒಂದೊಂದಕ್ಕೆ ಕಾಲು ಗಂಟೆ. ಯಂತ್ರದಲ್ಲಿ ಹೊಲಿದರೆ ಎರಡು ನಿಮಿಷ ಸಾಕಲ್ಲ ಎಂದರೆ, "ಹಾಗಾದ್ರೆ ಯಂತ್ರದ ಹತ್ರಾನೇ ಹೋಗಿ" ಎಂದು ಗಿರಾಕಿಯನ್ನು ಮೆಟ್ಟಿಲಿನವರೆಗೆ ಬಿಟ್ಟುಬರುವ ಜಾತಿ.

ಪುಟ್ಟಿಯ ಎಡ ಎದೆಯಲ್ಲಿ ಗಂಟು ಕಂಡಿತು. ಆಪರೇಷನ್ ಆಯಿತು, ಕೂದಲುದುರಿಸುವ ಔಷಧಿಯೂ ಆಯಿತು, ಕೂದಲು ಮತ್ತೆ ಬಂತು, ಮೊದಲಿಗಿಂತ ಗುಂಗುರಾಗಿ. ಕೊನೆಗೆ ಉಳಿದದ್ದು ದಿನಕ್ಕೊಂದು ಸಣ್ಣ ಬಿಳಿ ಮಾತ್ರೆ, ಐದು ವರ್ಷ. "ಬೇರೆ ಕಡೆ ಹರಡದ ಹಾಗೆ ಇದು ಕಾವಲು. ಒಂದು ದಿನವೂ ತಪ್ಪಿಸಬಾರದು" ಎಂದಿದ್ದರು ಆಸ್ಪತ್ರೆಯ ಡಾಕ್ಟರಮ್ಮ.

ಕಾವಲೇನೋ ಸರಿ, ಆದರೆ ಕಾವಲುಗಾರ ಮನೆಯವರ ಮೇಲೇ ಕೈ ಮಾಡತೊಡಗಿದ. ಮಾತ್ರೆ ಶುರುವಾದ ಮೂರನೆಯ ತಿಂಗಳಿಗೆ ಪುಟ್ಟಿಯ ಬೆರಳ ಗಂಟುಗಳು ಬಿಗಿದುಕೊಂಡವು. ಬೆಳಿಗ್ಗೆ ಎದ್ದರೆ ಮುಷ್ಟಿ ಮಡಚಲಾಗದು. ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕೂರಬೇಕು. ಸೂಜಿ ಹಿಡಿದರೆ ಜಾರುತ್ತದೆ. ಗುಂಡಿ ತೂತುಗಳು ಯಂತ್ರಕ್ಕೆ ಹೋದವು. ಒಂದು ಸಂಜೆ ಪುಟ್ಟಿ ಹೊಲಿದ ಕೋಟನ್ನು ಗಿರಾಕಿ ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ಮಡಚಿಕೊಂಡು ಹೋದ. ಅವತ್ತು ಪುಟ್ಟಿ ಊಟ ಮಾಡಲಿಲ್ಲ. "ಬದುಕೋಕೆ ಅಂತ ನುಂಗ್ತೀನಿ, ಬದುಕೋದನ್ನೇ ಇದು ಕಿತ್ಕೊಳ್ತಿದೆ ಅಕ್ಕ" ಎಂದಳು.

ಆ ಹೊತ್ತಿಗೇ ನೆಲಮಾಳಿಗೆಯಲ್ಲಿ ಈರುಳ್ಳಿ ಪ್ರಯೋಗ ಶುರುವಾಯಿತು.

ಈರುಳ್ಳಿಯ ಒಣ ಸಿಪ್ಪೆಯಲ್ಲಿ ಒಂದು ಸತ್ವವಿದೆ, ಗಾಜಿನ ತಟ್ಟೆಯಲ್ಲಿ ಅದು ಕ್ಯಾನ್ಸರಿನ ಕಣಗಳು ಓಡಾಡದಂತೆ ತಡೆಯಿತು, ಮೈಯೊಳಗೂ ತಡೆಯುತ್ತದೋ ನೋಡಬೇಕು ಎಂದು ಪ್ರೊಫೆಸರು ಅವಳಿಗೆ ಬಿಡಿಸಿ ಹೇಳಿದರು. "ಗೆಡ್ಡೆ ಇದ್ದಲ್ಲೇ ಇದ್ರೆ ಕತ್ತರಿಸಿ ತೆಗೀಬಹುದು ಅಕ್ಕಾ. ಅದು ಎದ್ದು ಹೊರಟು ಇನ್ನೊಂದು ಕಡೆ ಮನೆ ಮಾಡುತ್ತಲ್ಲ, ಕೊಲ್ಲೋದು ಅದೇ." ತನ್ನ ತಂಗಿಯ ವಿಷಯವನ್ನೇ ಅವರು ಆಡಿದಂತೆ ಇಲಿಯಕ್ಕನಿಗೆ ಕೇಳಿಸಿತು. ಮೈಯೆಲ್ಲ ಕಿವಿಯಾಗಿ ನಿಂತಳು.

ಈ ಸಲ ನಿಯಮಗಳು ಬಿಗಿಯಾಗಿದ್ದವು. ತಿಂಡಿ ಡಬ್ಬಿಯಲ್ಲಿ ಬರಲಿಲ್ಲ. ಪೆಟ್ಟಿಗೆಗೊಂದರಂತೆ ತೂಗಿ, ಅಂಟಿಸಿದ ಪೊಟ್ಟಣಗಳಲ್ಲಿ ಬಂತು. ಉಳಿದ ಚೂರನ್ನೂ ವಾಪಸು ತೂಗಬೇಕು. ಯಾವುದು ಔಷಧಿ ಎಂದು ಕೇಳಬಾರದು. ಕೇಳುವ ಅಗತ್ಯ ಯಾರಿಗಿತ್ತು? ಒಂದು ಬಗೆಯ ತಿಂಡಿ ಮಸುಕು ಬಿಳಿ, ಏನೂ ವಾಸನೆಯಿಲ್ಲ. ಇನ್ನೊಂದು ಈರುಳ್ಳಿ ಸಿಪ್ಪೆಯದೇ ಕಂದು ಬಣ್ಣ, ಪೊಟ್ಟಣ ಬಿಚ್ಚಿದರೆ ಕೋಣೆಯೆಲ್ಲ ಈರುಳ್ಳಿ ಘಾಟು. ಇಷ್ಟು ತಿಳಿಯದಿದ್ದರೆ ಇಪ್ಪತ್ತೆರಡು ವರ್ಷ ಅವಳೇನು ಕತ್ತೆ ಕಾದಿದ್ದಳೇ?

ತಿಂಗಳು ಕಳೆಯಿತು. ಬಿಳಿ ತಿಂಡಿಯ ಇಲಿಗಳ ಬೆನ್ನು ಒಂದೊಂದಾಗಿ ಗೂನಾಯಿತು. ಕಂದು ತಿಂಡಿಯವು ಗುಂಡುಕಲ್ಲಿನಂತೆ ಓಡಾಡಿಕೊಂಡಿದ್ದವು. ಮೊದಲ ತಂಡವನ್ನು ಕೊಯ್ದು ನೋಡಿದ ದಿನ, ಶ್ವಾಸಕೋಶಗಳಿದ್ದ ಬಾಟಲಿಗಳನ್ನು ಟ್ರೇಯಲ್ಲಿಟ್ಟು ಮೇಲಕ್ಕೆ ಒಯ್ದವಳು ಅವಳೇ. ಮೆಟ್ಟಿಲಿನ ತಿರುವಿನಲ್ಲಿ ಕಿಟಕಿಯ ಬೆಳಕಿಗೆ ನಿಂತು ನೋಡಿದಳು. ಬಿಳಿ ತಿಂಡಿಯವುಗಳ ಮೇಲೆ ಕಾಳುಕಾಳಾಗಿ ಚುಕ್ಕೆ. ಕಂದು ತಿಂಡಿಯವುಗಳ ಮೇಲೆ ಒಂದೋ ಎರಡೋ. ಅವಳ ಎದೆ ಬಡಿದುಕೊಂಡ ಸದ್ದಿಗೆ ಬಾಟಲಿಗಳೇ ಗಲಗಲ ಎಂದವೇನೋ.

"ಸಾರ್, ಕಂದು ತಿಂದವು ಚೆನ್ನಾಗಿವೆ" ಎಂದಳು ಮಾರನೆಯ ಬೆಳಿಗ್ಗೆ.

ಪ್ರೊಫೆಸರು ಅವಳ ಮುಖ ನೋಡಿದರು. ಆಮೇಲೆ ನೆಲ ನೋಡಿದರು. "ನಾನೇನೂ ಹೇಳೋ ಹಾಗಿಲ್ಲ ಅಕ್ಕಾ" ಎಂದು ಸಣ್ಣಗೆ ನಕ್ಕು ಮೆಟ್ಟಿಲು ಹತ್ತಿದರು.

ಆ ನಗುವನ್ನು ಇಲಿಯಕ್ಕ ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದಳು. ಹೇಳುವ ಹಾಗಿಲ್ಲ ಎಂದರೆ ಹೌದು ಎಂದೇ ಅರ್ಥ, ಇನ್ನೇನು? ಒಳ್ಳೆಯ ಮನುಷ್ಯ, ನಿಯಮಕ್ಕೆ ಕಟ್ಟುಬಿದ್ದು ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ, ಅಷ್ಟೇ. ಬೇಕರಿಯವನ ಬಳಿ ಒಂದು ಚೀಲ ಈರುಳ್ಳಿ ಸಿಪ್ಪೆ ಕೇಳಿ ತಂದಳು. ತೊಳೆದು, ಒಣಗಿಸಿ, ಸಣ್ಣ ಉರಿಯಲ್ಲಿ ಕುದಿಸಿ, ಸೋಸಿದಳು. ಒಂದು ಲೋಟ ಕೆಂಪು ನೀರು ಪುಟ್ಟಿಯ ಮುಂದೆ ಬಂತು.

ಪುಟ್ಟಿ ಮೂಗು ಮುರಿದಳು. "ಇದನ್ನ ಕುಡಿದ್ರೆ ಗಿರಾಕಿಗಳು ಬೀದಿ ಆಚೆಯಿಂದಲೇ ಅಳತೆ ಕೊಟ್ಟು ಹೋಗ್ತಾರೆ."

"ಕುಡಿ ಪುಟ್ಟಿ. ನಾನು ಕಣ್ಣಾರೆ ಕಂಡಿದೀನಿ."

"ಮಾತ್ರೆ?"

ಇಲಿಯಕ್ಕ ತಂಗಿಯ ಬೆರಳುಗಳನ್ನು ನೋಡಿದಳು. ಗಂಟುಗಳು ಊದಿ ಹೊಳೆಯುತ್ತಿದ್ದವು. "ಬಿಟ್ಟುಬಿಡು. ಇದೂ ಅದೇ ಕೆಲಸ ಮಾಡುತ್ತೆ."

"ಡಾಕ್ಟರಮ್ಮ ಒಂದು ದಿನಾನೂ ಬಿಡಬಾರದು ಅಂದಿದಾರೆ. ನೀನು ಇಲಿ ಕಂಡಿರೋಳು, ಅವರು ಮನುಷ್ಯರನ್ನ ಕಂಡಿರೋರು."

ಸರಿಯಾದ ಮಾತೇ. ಅದನ್ನು ಕೇಳಿ ಇಲಿಯಕ್ಕ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. "ಪ್ರೊಫೆಸರೇ ಹೇಳಿದ್ರು ಕಣೇ" ಎಂದುಬಿಟ್ಟಳು. "ಹೊರಗೆ ಹೇಳಬೇಡಿ, ನಿಮ್ಮ ತಂಗಿಗೆ ಕೊಡಿ ಅಂದ್ರು. ಅವರ ತಾಯಿಗೂ ಇದನ್ನೇ ಕೊಡ್ತಿದಾರಂತೆ."

ಹಸಿ ಸುಳ್ಳು. ಬಾಯಿಂದ ಬಿದ್ದ ಮೇಲೆ ಅವಳಿಗೇ ಒಂದು ಕ್ಷಣ ಮುಜುಗರವಾಯಿತು. ಆದರೆ ಒಳಗಿರುವುದು ನಿಜ, ಮೇಲಿನ ಹೊದಿಕೆ ಮಾತ್ರ ಸುಳ್ಳು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಪುಟ್ಟಿ ಮೂಗು ಹಿಡಿದುಕೊಂಡು ಲೋಟ ಖಾಲಿ ಮಾಡಿದಳು.

ಮುಂದಿನ ಏಳು ತಿಂಗಳು ಆ ಮನೆಯಲ್ಲಿ ನಗುವೋ ನಗು. ಮಾತ್ರೆ ನಿಂತ ಐದನೇ ವಾರಕ್ಕೆ ಬೆರಳುಗಳು ಸಡಿಲಾದವು. ಎರಡನೇ ತಿಂಗಳಿಗೆ ಪುಟ್ಟಿ ಮತ್ತೆ ಕೈಯಲ್ಲಿ ಗುಂಡಿ ತೂತು ಹೊಲಿದಳು. ಮೊದಲನೆಯದನ್ನು ಹೊಲಿದು ಮುಗಿಸಿ ಅಕ್ಕನನ್ನು ಕರೆದು ತೋರಿಸಿದಳು, ಅಕ್ಕ ಕನ್ನಡಕ ಹಾಕಿಕೊಂಡು ನೋಡಿದಳು, ಇಬ್ಬರೂ ಒಂದು ತೂತಿನ ಮುಂದೆ ಕೂತು ಅತ್ತರು. ಮೂರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋದಾಗ ಮಾತ್ರೆ ಸರಿಯಾಗಿ ನುಂಗುತ್ತಿದ್ದೇನೆ ಎಂದು ಪುಟ್ಟಿ ಹೇಳುತ್ತಿದ್ದಳು. ಹಾಗೆ ಹೇಳು ಎಂದು ಕಲಿಸಿಕೊಟ್ಟವಳು ಅಕ್ಕ. "ಅವರಿಗೆ ಈಗಲೇ ಯಾಕೆ ಹೇಳಬೇಕು? ನಮ್ಮ ಪ್ರೊಫೆಸರು ಪೇಪರಲ್ಲಿ ಬರೆದ ಮೇಲೆ ಅವರೇ ಎಲ್ಲರಿಗೂ ಕೊಡ್ತಾರೆ, ನೋಡ್ತಿರು."

ಇತ್ತ ಪ್ರೊಫೆಸರು ದಿನದಿನಕ್ಕೆ ಬಾಡಿಹೋಗುತ್ತಿದ್ದರು. ಬೆಳಿಗ್ಗೆ ಬಂದರೂ ಹೆಚ್ಚು ಮಾತಿಲ್ಲ. ದೊಡ್ಡ ಯಶಸ್ಸು ಬರುವ ಮುಂಚೆ ಹೀಗೆಯೇ ಭಯವಾಗುತ್ತದೆ ಎಂದು ಇಲಿಯಕ್ಕ ಅದಕ್ಕೂ ಅರ್ಥ ಹಚ್ಚಿದಳು. ಇಲಿಯ ಬೆನ್ನು ಓದುವ ಕಣ್ಣಿಗೆ ಮನುಷ್ಯನ ಮುಖ ಓದಲು ಬರಲಿಲ್ಲ, ನೋಡಿ.

ಪ್ರಯೋಗ ಮುಗಿದ ದಿನ ಮಧ್ಯಾಹ್ನ ಅವರು ಕೆಳಗೆ ಬಂದು ನೀರಿನ ಬಾಟಲಿ ತೊಳೆಯುವ ತೊಟ್ಟಿಯ ಪಕ್ಕದ ಸ್ಟೂಲಿನ ಮೇಲೆ ಕುಳಿತರು. "ಮುಗೀತು ಅಕ್ಕಾ. ಕೈ ಕೊಡ್ತು."

"ಏನು ಕೈ ಕೊಡ್ತು ಸಾರ್?"

"ಈರುಳ್ಳಿ. ತಡೆಯೋದಿರಲಿ, ಸತ್ವ ತಿಂದವಕ್ಕೇ ಜಾಸ್ತಿ ಹರಡಿದೆ. ಮೈಯಲ್ಲಿರೋ ಒಳ್ಳೇ ಕಣಗಳನ್ನ ಕಾಯೋ ಹಾಗೇ ಕ್ಯಾನ್ಸರಿನ ಕಣಗಳನ್ನೂ ಅದು ಕಾದುಬಿಡ್ತು ಅನ್ಸುತ್ತೆ. ಗಾಜಿನ ತಟ್ಟೆ ಒಂದು ಹೇಳುತ್ತೆ, ಮೈ ಇನ್ನೊಂದು ಹೇಳುತ್ತೆ."

ಇಲಿಯಕ್ಕ ನಕ್ಕಳು. ಪಾಪ, ಲೆಕ್ಕ ತಪ್ಪಿದ್ದಾರೆ ಎಂದುಕೊಂಡಳು. "ಏನ್ ಸಾರ್ ನೀವು. ಕಂದು ತಿಂದವು ಹೇಗಿದ್ವು ಅಂತ ನಾನೇ ನೋಡಿಲ್ವಾ?"

"ಕಂದು ಬರೀ ತಿಂಡಿ ಅಕ್ಕಾ. ಔಷಧಿ ಇದ್ದದ್ದು ಬಿಳೀದ್ರಲ್ಲಿ."

ಅವಳ ಕೈಯಲ್ಲಿದ್ದ ಬಾಟಲಿಯಿಂದ ನೀರು ಕಾಲ ಮೇಲೆ ಸುರಿಯುತ್ತಿತ್ತು. ಅದು ಅವಳಿಗೆ ಗೊತ್ತಾಗಲಿಲ್ಲ.

ಸಿಪ್ಪೆಯ ಸತ್ವವನ್ನು ಪೂರ್ತಿ ಶುದ್ಧ ಮಾಡಿದ ಮೇಲೆ ತಿಂಡಿಯಲ್ಲಿ ಕಲಸುವಷ್ಟಕ್ಕೆ ಬಣ್ಣವೂ ಉಳಿಯುವುದಿಲ್ಲ, ವಾಸನೆಯೂ ಇರುವುದಿಲ್ಲ ಎಂದು ಪ್ರೊಫೆಸರು ವಿವರಿಸಿದರು. ಬರೀ ತಿಂಡಿಗೆ ಸುಟ್ಟ ಸಕ್ಕರೆಯ ಬಣ್ಣ ಮತ್ತು ಈರುಳ್ಳಿಯ ವಾಸನೆಯ ಎಣ್ಣೆಯನ್ನು ಬೇಕೆಂದೇ ಸೇರಿಸಿದ್ದರು.

"ಯಾಕೆ?"

ಅವರು ಬಾಟಲಿಗಳನ್ನು ನೋಡುತ್ತ ಕೂತರು. "ದ್ರಾಕ್ಷಿ ಪ್ರಯೋಗದಲ್ಲಿ ಬರೀ ತಿಂಡಿಯ ಇಲಿಗಳ ಹಿಕ್ಕೆ ನೇರಳೆ ಬಣ್ಣ ಇತ್ತು ಅಕ್ಕಾ. ಮೊದಲು ನನಗೆ ಅರ್ಥ ಆಗ್ಲಿಲ್ಲ. ಆಮೇಲೆ ಆಯ್ತು. ಒಂದೂವರೆ ವರ್ಷದ ಕೆಲಸ ಹೋಯ್ತು. ನೀವು ಕೆಟ್ಟದ್ದಕ್ಕೆ ಮಾಡಿಲ್ಲ ಅಂತ ಗೊತ್ತು. ಇಷ್ಟು ವರ್ಷ ದುಡಿದವರು, ಕರೆದು ಕೇಳಿ ಮನಸ್ಸು ನೋಯಿಸೋದು ಯಾಕೆ ಅನ್ನಿಸ್ತು. ಅದಕ್ಕೇ ನಿಮಗೆ ಗೊತ್ತಾಗದ ಹಾಗೆ ಮಾಡಿದ್ವಿ."

"ನಾನು ಬಂದು ಹೇಳಿದೆನಲ್ಲ ಸಾರ್. ಕಂದು ತಿಂದವು ಚೆನ್ನಾಗಿವೆ ಅಂತ. ನೀವು ನಕ್ಕಿರಿ."

"ನನ್ನ ಪ್ರಯೋಗ ಮುಳುಗ್ತಿದೆ ಅಂತ ನೀವು ಖುಷಿಯಾಗಿ ಹೇಳ್ತಿದ್ರಿ. ನಗದೆ ಇನ್ನೇನು ಮಾಡ್ಲಿ?"

"ಬಯ್ಯಬೇಕಿತ್ತು ನೀವು ನನಗೆ. ಕೆಲಸದಿಂದ ತೆಗೀಬೇಕಿತ್ತು. ಬಾಯಿಗೆ ಬಂದ ಹಾಗೆ ಬಯ್ದಿದ್ರೆ ನಾಲ್ಕು ದಿನ ಮುಖ ಊದಿಸ್ಕೊಂಡು ಇರ್ತಿದ್ದೆ. ದಿನಾ ಬೆಳಿಗ್ಗೆ ಬಂದು ಮಕ್ಕಳು ಹೇಗಿದ್ದಾರೆ ಅಂತ ಕೇಳ್ತಾ ನನ್ನ ಕಿವಿ ಮೇಲೆ ಹೂ ಇಟ್ರಲ್ಲ."

ಪ್ರೊಫೆಸರಿಗೆ ಅವಳ ಸಿಟ್ಟಿನ ಆಳ ತಿಳಿಯಲಿಲ್ಲ. ತಂಗಿಯ ವಿಷಯ ಅವರಿಗೆ ಗೊತ್ತಿರಲಿಲ್ಲವಲ್ಲ. ಇವಳೂ ಹೇಳಲಿಲ್ಲ. ಏಪ್ರನ್ನು ಬಿಚ್ಚಿ ಮೊಳೆಗೆ ತೂಗುಹಾಕಿ, ಬಾಟಲಿಗಳನ್ನು ಹಾಗೇ ಬಿಟ್ಟು ಮನೆಗೆ ನಡೆದಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಇಲಿಗಳಿಗೆ ಸಂಜೆಯ ನೀರು ಹಾಕಲಿಲ್ಲ.

ದಾರಿಯುದ್ದಕ್ಕೂ ಅದೇ ಯೋಚನೆ. ಮೇಲಿನ ಮಹಡಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ತಿಂಡಿ ಕಲಸುವವರಿಗೆ, ಪೊಟ್ಟಣ ಅಂಟಿಸುವವರಿಗೆ, ತೂಗುವವರಿಗೆ. ಅವಳು ಕಂದು ಪೊಟ್ಟಣ ಬಿಚ್ಚಿ ಮೂಸಿ ತಲೆದೂಗುವಾಗ ಅವರೆಲ್ಲ ನೋಡಿದ್ದರು. ಯಂತ್ರಕ್ಕಿಂತ ವಾಸಿಯಾದ ಕಣ್ಣಂತೆ. ಆ ಕಣ್ಣಿಗೇ ಸಕ್ಕರೆ ಸುಟ್ಟು ಮಣ್ಣೆರಚಿದ್ದರು.

ಬೇಕರಿಯ ಬಾಗಿಲಿಗೆ ಬರುವ ಹೊತ್ತಿಗೆ ಸಿಟ್ಟಿನ ಅಡಿಯಿಂದ ಹೆದರಿಕೆ ಎದ್ದಿತ್ತು. ಪುಟ್ಟಿ ಕಿಟಕಿಯ ಬಳಿ ಕೂತು ಒಂದು ಬೂದು ಕೋಟಿಗೆ ಗುಂಡಿ ತೂತು ಹೊಲಿಯುತ್ತಿದ್ದಳು, ಬಾಯಲ್ಲಿ ಏನೋ ಗುನುಗು. ಇಲಿಯಕ್ಕ ಚಪ್ಪಲಿಯನ್ನೂ ಬಿಚ್ಚದೆ ನಡೆದದ್ದನ್ನೆಲ್ಲ ಹೇಳಿದಳು. "ಇವತ್ತಿಂದ ಮಾತ್ರೆ ನುಂಗು ಪುಟ್ಟಿ. ಈಗಲೇ ನುಂಗು."

ಪುಟ್ಟಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಕೇಳಿದಳು. ಮೊದಲು ನಕ್ಕಳು. ಆಮೇಲೆ, "ನುಂಗಲ್ಲ" ಎಂದಳು.

"ಮೋಸ ಆಗಿದೆ ಕಣೇ ನನಗೆ."

"ಯಾವಾಗ ಆಗಿದ್ದು? ಆಗ ಹೇಳಿದ್ದು ಮೋಸಾನೋ, ಈಗ ಹೇಳ್ತಿರೋದು ಮೋಸಾನೋ, ನಿನಗೆ ಹೇಗೆ ಗೊತ್ತು? ಮಾತ್ರೆ ಕಂಪನಿಯವರು ಅವರ ಬಾಯಿ ಮುಚ್ಚಿಸಿರಬಹುದು. ನನ್ನ ಕೈ ನೋಡು." ಪುಟ್ಟಿ ಮುಷ್ಟಿ ಮಡಚಿ ಬಿಚ್ಚಿದಳು, ಮಡಚಿ ಬಿಚ್ಚಿದಳು. "ಇದು ಸುಳ್ಳಾ?"

ಕೈ ಸಡಿಲಾದದ್ದು ಕಷಾಯದಿಂದಲ್ಲ, ಮಾತ್ರೆ ಬಿಟ್ಟದ್ದರಿಂದ ಎಂದು ಇಲಿಯಕ್ಕ ಹೇಳಿದಳು, ಗೋಗರೆದಳು, ಕೂಗಾಡಿದಳು. ಅವಳು ಹೇಳಿದಷ್ಟೂ ಪುಟ್ಟಿ ಗಟ್ಟಿಯಾದಳು. ಅಕ್ಕ ಕುದಿಸಿ ಕೊಡದಿದ್ದರೆ ತಾನೇ ಸಿಪ್ಪೆ ಕುದಿಸಿಕೊಂಡು ಕುಡಿದಳು. ಮೂರು ವಾರ ಹೀಗೇ ಹೋಯಿತು. ಆ ಮೂರು ವಾರ ಇಲಿಯಕ್ಕ ಸಿಕ್ಕವರ ಬಳಿಯೆಲ್ಲ ತನಗಾದ ದ್ರೋಹವನ್ನು ತೋಡಿಕೊಂಡಳು. ಬೇಕರಿಯವನ ಹತ್ತಿರ, ಪಕ್ಕದ ಮನೆಯವಳ ಹತ್ತಿರ, ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದ ಹೆಂಗಸಿನ ಹತ್ತಿರ. "ಇಪ್ಪತ್ತೆರಡು ವರ್ಷ ನಂಬಿದ್ದೆ. ಎಲ್ಲ ಹೊಟ್ಟೆಯಲ್ಲಿಟ್ಟುಕೊಂಡು ನನ್ನೆದುರಿಗೆ ನಗ್ತಿದ್ರು." ಹೇಳುತ್ತ ಹೇಳುತ್ತ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಕೇಳಿದವರು ಪಾಪ ಎಂದರು.

ಕೊನೆಗೆ ಬೇರೆ ದಾರಿ ಕಾಣದೆ ಪುಟ್ಟಿಯನ್ನು ಪ್ರೊಫೆಸರ ಕೋಣೆಗೇ ಕರೆದುಕೊಂಡು ಹೋದಳು. ಅವರ ಬಾಯಿಂದಲೇ ಕೇಳಿದರೆ ನಂಬಿಯಾಳು ಎಂಬ ಆಸೆ. ಹೋಗುವ ಮುಂಚೆ ಅವರಿಗೆ ಎಲ್ಲವನ್ನೂ ಹೇಳಿದ್ದಳು. ಎಲ್ಲವನ್ನೂ ಎಂದರೆ, ತನ್ನದೊಂದು ಮಾತನ್ನು ಬಿಟ್ಟು.

ಪ್ರೊಫೆಸರು ಬಹಳ ಮೆತ್ತಗೆ ಮಾತಾಡಿದರು. ಚಿತ್ರ ತೋರಿಸಿದರು, ಕಂದು ಪೊಟ್ಟಣ ಬಿಡಿಸಿ ಬಣ್ಣದ ಬಾಟಲಿ ತೋರಿಸಿದರು, ಎಣ್ಣೆಯ ಬಿರಡೆ ತೆಗೆದು ಮೂಸಲು ಕೊಟ್ಟರು. "ಇಲಿಯಲ್ಲಿ ಆಗಿದ್ದು ನಿಮ್ಮಲ್ಲೂ ಆಗುತ್ತೆ ಅಂತ ನಾನು ಹೇಳ್ತಿಲ್ಲಮ್ಮ. ತಿನ್ನೋ ಈರುಳ್ಳಿಯಿಂದ ಯಾರಿಗೂ ಏನೂ ಆಗಲ್ಲ. ಆದ್ರೆ ಆ ಮಾತ್ರೆ ಸಾವಿರಾರು ಹೆಂಗಸರಲ್ಲಿ ನೋಡಿದ್ದು. ಅದನ್ನ ಬಿಡಬಾರದಿತ್ತು. ಕೈ ನೋವಿಗೆ ಬೇರೆ ಮಾತ್ರೆ ಕೊಡ್ತಾರೆ, ಡಾಕ್ಟರಿಗೆ ಹೇಳಿದ್ರೆ ಸಾಕಿತ್ತು."

ಪುಟ್ಟಿ ಎಣ್ಣೆಯ ಬಾಟಲಿಯನ್ನು ಮೇಜಿನ ಮೇಲಿಟ್ಟಳು. "ಆದ್ರೆ ನೀವೇ ಹೇಳಿದ್ರಲ್ಲ ಸಾರ್, ತಂಗಿಗೆ ಕೊಡಿ ಅಂತ. ನಿಮ್ಮ ತಾಯಿಗೂ ಕೊಡ್ತೀರಂತೆ."

ಪ್ರೊಫೆಸರಿಗೆ ಅರ್ಥವಾಗಲಿಲ್ಲ. "ನನ್ನ ತಾಯಿ ತೀರಿಕೊಂಡು ಹನ್ನೊಂದು ವರ್ಷ ಆಯ್ತಮ್ಮ. ನಿಮ್ಮ ಅಕ್ಕನೂ ಮಣ್ಣಿಗೆ ಬಂದಿದ್ರು" ಎಂದವರು, ಮಾತಿನ ಕೊನೆಯಲ್ಲಿ ಅರ್ಥವಾಗಿ ತಟ್ಟನೆ ನಿಲ್ಲಿಸಿದರು. ಇಲಿಯಕ್ಕ ಗೋಡೆಯ ಮೇಲಿನ ಗಡಿಯಾರ ನೋಡುತ್ತಿದ್ದಳು. ಪುಟ್ಟಿ ಅಕ್ಕನ ಕಡೆ ತಿರುಗಲೇ ಇಲ್ಲ.

ಅವತ್ತು ಸಂಜೆ ಪುಟ್ಟಿ ಕಪಾಟಿನಿಂದ ಮಾತ್ರೆ ತೆಗೆದು ನೀರಿನಲ್ಲಿ ನುಂಗಿದಳು. ಉಳಿದಿದ್ದ ಸಿಪ್ಪೆಯ ಚೀಲವನ್ನು ತಾನೇ ಕಸಕ್ಕೆ ಹಾಕಿ ಬಂದಳು. ಅಕ್ಕನನ್ನು ಬಯ್ಯಲಿಲ್ಲ. ಮರುದಿನ ಆಸ್ಪತ್ರೆಗೆ ಹೋಗಿ ನಿಜ ಹೇಳಿದಳು. ಡಾಕ್ಟರಮ್ಮ ಸ್ಕ್ಯಾನ್ ಬರೆದುಕೊಟ್ಟರು.

ಫಲಿತಾಂಶದ ದಿನ ಇಬ್ಬರೂ ಡಾಕ್ಟರಮ್ಮನ ಮುಂದೆ ಪಕ್ಕಪಕ್ಕದ ಕುರ್ಚಿಗಳಲ್ಲಿ ಕೂತಿದ್ದರು. ಸೊಂಟದ ಮೂಳೆಯಲ್ಲಿ ಒಂದು ಚುಕ್ಕೆ ಕಂಡಿತ್ತು. ಬೆನ್ನಿನಲ್ಲಿ ಇನ್ನೊಂದು. ಅದು ಮಾತ್ರೆ ಬಿಟ್ಟದ್ದರಿಂದಲೇ ಬಂತೇ ಎಂದು ಪುಟ್ಟಿಯೇ ಕೇಳಿದಳು.

"ಅದರಿಂದಲೇ ಅಂತ ಹೇಳೋಕಾಗಲ್ಲ. ಅಲ್ಲ ಅಂತಾನೂ ಹೇಳೋಕಾಗಲ್ಲ" ಎಂದರು ಡಾಕ್ಟರಮ್ಮ. "ಔಷಧಿ ಬದಲಾಯಿಸೋಣ, ತಡೆದು ಹಿಡಿಯೋಣ. ಪೂರ್ತಿ ತೆಗೆದುಹಾಕೋ ಮಾತು ಇನ್ನಿಲ್ಲ." ಆಮೇಲೆ ಕಡತ ತೆರೆದು, ಪೆನ್ನು ಹಿಡಿದು ಕೇಳಿದರು: "ಬಿಡು ಅಂತ ಯಾರು ಹೇಳಿದ್ದು?"

ಇಲಿಯಕ್ಕ ಬಾಯಿ ತೆರೆದಳು. ಹೇಳಬೇಕು ಎಂದೇ ತೆರೆದಳು. ಆದರೆ ಬಾಯಿಗೆ ಬಂದ ಮಾತು ಬೇರೆ. "ನಮ್ಮ ಸಂಶೋಧನಾಲಯದಲ್ಲಿ ನನಗೆ ಮೋಸ ಮಾಡಿದ್ರು ಡಾಕ್ಟರೇ. ತಿಂಡಿಗೆ ಬಣ್ಣ ಹಾಕಿ..."

"ಯಾರೂ ಹೇಳಿಲ್ಲ" ಎಂದಳು ಪುಟ್ಟಿ. "ನಾನೇ ಬಿಟ್ಟೆ."

ಡಾಕ್ಟರಮ್ಮ ಹಾಗೆಯೇ ಬರೆದುಕೊಂಡರು. ಇಲಿಯಕ್ಕ ತಿದ್ದಲಿಲ್ಲ.

ಹೊರಗೆ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತರು. ಇಲಿಯಕ್ಕನ ಕಣ್ಣು ತುಂಬಿ ಬಂತು. "ಆ ಮನುಷ್ಯ ಒಂದು ಮಾತು ಹೇಳಿದ್ರೆ ಸಾಕಿತ್ತು ಪುಟ್ಟಿ. ನನ್ನನ್ನ ನಂಬಿಸಿ ಕತ್ತು ಕೊಯ್ದುಬಿಟ್ರು."

ಪುಟ್ಟಿ ಆಸ್ಪತ್ರೆಯ ಕಾಗದಗಳನ್ನು ಮಡಚಿ ಚೀಲಕ್ಕೆ ಹಾಕುತ್ತಿದ್ದಳು. ಬೆರಳುಗಳು ಮತ್ತೆ ಬಿಗಿಯತೊಡಗಿದ್ದರಿಂದ ಮಡಚುವುದಕ್ಕೆ ಹೊತ್ತು ಹಿಡಿಯಿತು. ಇಲಿಯಕ್ಕ ಸಹಾಯಕ್ಕೆ ಕೈ ಚಾಚಿದಾಗ ಚೀಲವನ್ನು ತನ್ನ ಕಡೆಗೆ ಎಳೆದುಕೊಂಡಳು.

"ನಿನಗೆ ಅವರು ಸುಳ್ಳು ಹೇಳಿದ್ರು ಅಂತ ಊರೆಲ್ಲ ಹೇಳ್ಕೊಂಡು ಅತ್ತೆ ಅಕ್ಕ" ಎಂದಳು. ದನಿ ಏರಿರಲಿಲ್ಲ. "ನನಗೆ ಯಾರು ಸುಳ್ಳು ಹೇಳಿದ್ರು ಅಂತ ಒಂದು ದಿನಾನಾದ್ರೂ ಅತ್ಯಾ?"

ನಾನು ನಿನ್ನ ಒಳ್ಳೇದಕ್ಕೇ ಎಂದು ಹೇಳಹೊರಟ ಇಲಿಯಕ್ಕನಿಗೆ, ಸ್ಟೂಲಿನ ಮೇಲೆ ಕೂತು ಪ್ರೊಫೆಸರು ಆಡಿದ್ದೂ ಹೆಚ್ಚುಕಡಿಮೆ ಅದೇ ಮಾತು ಎಂಬುದು ಹೊಳೆಯಿತು.

ಬಸ್ಸು ಬಂತು. ಪುಟ್ಟಿ ಎದ್ದಳು. "ಮುಂದಿನ ಸಲದಿಂದ ಪಕ್ಕದ ಮನೆಯವಳನ್ನ ಕರ್ಕೊಂಡು ಬರ್ತೀನಿ. ನೀನು ಬರಬೇಡ."

ಅವಳು ಹತ್ತಿ ಮುಂದಿನ ಸಾಲಿನಲ್ಲಿ ಕೂತು, ಪಕ್ಕದ ಖಾಲಿ ಸೀಟಿನ ಮೇಲೆ ಚೀಲ ಇಟ್ಟುಕೊಂಡಳು. ಇಲಿಯಕ್ಕನೂ ಹತ್ತಿ ಹಿಂದೆ ಹೋಗಿ ನಿಂತಳು.